ಪ್ರತಿಕ್ರಿಯೆ: ಆಜಾದರ ಆತ್ಮಕಥೆಯಲ್ಲಿ ಪಟೇಲರ ಕುರಿತ ಮಾತು ಸಿಗುತ್ತಿಲ್ಲ

ಲೇಖನಕ್ಕಾಗಿ ಆಜಾದರ ಆತ್ಮಕಥೆಯಲ್ಲಿ ಪಟೇಲರ ಕುರಿತ ಭಾಗ ಹುಡುಕಿದರೂ ಸಿಗುತ್ತಿಲ್ಲ ಎಂದಿದ್ದೀರಿ. ನಿಮ್ಮ ಕೈಲಿರುವುದು ಬಹುಶಃ ಹಳೆಯ ಮುದ್ರಣ. 1946ರಲ್ಲಿ ಕಾಂಗ್ರೆಸ್ ಅಧ್ಯಕ್ಷಗಿರಿಗೆ ಪಟೇಲರನ್ನು ಬೆಂಬಲಿಸದೆ ತಪ್ಪು ಮಾಡಿದೆ ಎಂದು ಮೌಲಾನಾ ಅಬುಲ್ ಕಲಾಂ ಆಜಾದ್ ಹೇಳಿಕೊಂಡಿರುವ ಭಾಗ, ನೀವು ಹುಡುಕುತ್ತಿರುವುದು, ಅವರ ಆತ್ಮಕಥೆ ‘ಇಂಡಿಯಾ ವಿನ್ಸ್ ಫ್ರೀಡಂ’ನ 1959ರ ಆವೃತ್ತಿಯಲ್ಲಿ ಇಲ್ಲ. ಆ ಭಾಗವೂ ಸೇರಿದಂತೆ ಸುಮಾರು 30 ಪುಟಗಳನ್ನು ಆಗ ಮುದ್ರಿಸದೆ ಮೊಹರು ಮಾಡಿ ಇಟ್ಟಿದ್ದರು. ಅವು ಹೊರಬಂದದ್ದು 1988ರಲ್ಲಿ.

ಮೊದಲು ಮುದ್ರಣದ ವರ್ಷ ನೋಡಿ. 1988ರ ಪೂರ್ಣ ಆವೃತ್ತಿ ಲೈಬ್ರರಿಯಲ್ಲಿ ಸಿಕ್ಕರೆ ಆರಂಭದ ಪ್ರಕಾಶಕರ ಟಿಪ್ಪಣಿ ಓದಿ, ಆಮೇಲೆ 1946ರ ಭಾಗಕ್ಕೆ ಹೋಗಿ. ಲೇಖನದಲ್ಲಿ ಆವೃತ್ತಿಯ ವರ್ಷ ಬರೆಯುವುದನ್ನು ಮರೆಯಬೇಡಿ. ಇನ್ನೊಂದು ಎಚ್ಚರ: ಆಜಾದರು ಉರ್ದುವಿನಲ್ಲಿ ಹೇಳಿದ್ದನ್ನು ಹುಮಾಯೂನ್ ಕಬೀರ್ ಇಂಗ್ಲಿಷಿಗೆ ಇಳಿಸಿದ್ದು. ಹಾಗಾಗಿ ಉದ್ಧರಣ ಚಿಹ್ನೆ ಹಾಕಿ ‘ಅವರದೇ ಮಾತು’ ಅನ್ನುವುದಕ್ಕಿಂತ ‘ಆತ್ಮಕಥೆಯ ಪ್ರಕಾರ’ ಅನ್ನುವುದು ಕ್ಷೇಮ.

ಆದರೆ ವಿದ್ವಾಂಸರಾಗಿ ಆಜಾದರನ್ನು ತಿಳಿಯಲು ಈ ಪುಸ್ತಕವನ್ನು ನೆಚ್ಚಬೇಡಿ, ಇದು ಬಹುಪಾಲು 1935ರ ನಂತರದ ರಾಜಕಾರಣ. ಅದಕ್ಕೆ 1912ರಲ್ಲಿ ಕಲ್ಕತ್ತೆಯಲ್ಲಿ ಶುರು ಮಾಡಿದ ‘ಅಲ್-ಹಿಲಾಲ್’ ವಾರಪತ್ರಿಕೆ, ರಾಂಚಿಯ ಬಂಧನ, ಕುರಾನಿನ ಉರ್ದು ಅನುವಾದ-ವ್ಯಾಖ್ಯಾನ ‘ತರ್ಜುಮಾನುಲ್ ಕುರಾನ್’ ಇವುಗಳ ಕಡೆ ತಿರುಗಬೇಕು. ನನ್ನ ಮಟ್ಟಿಗೆ ಮನುಷ್ಯ ಚೆನ್ನಾಗಿ ಕಾಣುವುದು ಅಹ್ಮದ್‌ನಗರ ಕೋಟೆಯ ಸೆರೆಯಲ್ಲಿ ಬರೆದ ‘ಗುಬಾರ್-ಎ-ಖಾತಿರ್’ ಪತ್ರಗಳಲ್ಲಿ. ನಸುಕಿಗೇ ಎದ್ದು ತಾವೇ ಕಾಸಿಕೊಳ್ಳುವ, ಹಾಲು ಬೆರೆಸದ ಚೀನೀ ಚಹಾ. ಕೋಣೆಗೆ ನುಗ್ಗುವ ಗುಬ್ಬಚ್ಚಿಗಳ ಜೊತೆ ಜಗಳ. ಗಂಭೀರ ಮೌಲಾನಾ ಹೀಗೂ ಬರೆಯುತ್ತಿದ್ದರು!

ಲೇಖನಕ್ಕೆ ಸಮಯ ಕಡಿಮೆಯಿದ್ದರೆ ಮೊದಲು 1988ರ ಆವೃತ್ತಿ ಹಿಡಿಯಿರಿ, ಪತ್ರಗಳನ್ನು ಆಮೇಲೆ ಓದಿದರಾಯಿತು.