ಸ್ಕ್ಯಾನ್ ನಾರ್ಮಲ್, ಆದರೂ ತಲೆ ಯಾಕೆ ಹೀಗೆ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನನಗೆ 31 ವರ್ಷ. ಹೊಸನಗರದ ಕಡೆ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ. ಹೋದ ಮಳೆಗಾಲದಿಂದ ನೆತ್ತಿಯ ಮೇಲೆ ಯಾರೋ ಒತ್ತಿ ಹಿಡಿದ ಹಾಗೆ ಆಗುತ್ತಿದೆ. ಕೆಲವು ಸಲ ತಲೆಯೊಳಗೆ ಇರುವೆ ಹರಿದಂತೆ, ಕೆಲವು ಸಲ ಜುಮ್ ಅನ್ನುತ್ತದೆ. ನೋವು ಅನ್ನುವ ಹಾಗೂ ಇಲ್ಲ, ಇಲ್ಲ ಅನ್ನುವ ಹಾಗೂ ಇಲ್ಲ. ಲೆಕ್ಕ ಕೂಡುವಾಗ ಮಧ್ಯದಲ್ಲಿ ಎಲ್ಲಿದ್ದೆ ಅಂತಲೇ ಗೊತ್ತಾಗದೆ ಮತ್ತೆ ಮೇಲಿಂದ ಶುರು ಮಾಡಬೇಕು. ಶಿವಮೊಗ್ಗದಲ್ಲಿ ಎಂಆರ್‌ಐ ಮಾಡಿಸಿದೆ, ನಾರ್ಮಲ್. ಡಾಕ್ಟರು ರಾತ್ರಿಗೆ ಅಮಿಟ್ರಿಪ್ಟಿಲಿನ್ 10 ಎಂಜಿ ಬರೆದರು. ಮೊಬೈಲಲ್ಲಿ ನೋಡಿದರೆ ಡಿಪ್ರೆಶನ್ ಮಾತ್ರೆ ಅಂತಿತ್ತು, ಹೆದರಿ ಬಿಟ್ಟುಬಿಟ್ಟೆ. ಈಗ ತಲೆ ಭಾರವಾದಾಗ ಮೆಡಿಕಲ್ ಶಾಪಿನಿಂದ ಪ್ಯಾರಾಸಿಟಮಾಲ್ ತಂದು ನುಂಗುತ್ತೇನೆ, ಹೆಚ್ಚುಕಮ್ಮಿ ದಿನಾ. ಅಮ್ಮ ದೃಷ್ಟಿ ತೆಗೆದರು, ತಾಯಿತ ಕಟ್ಟಿಸಿದರು. ಅಣ್ಣ 'ನಿಂಗೇನೂ ಆಗಿಲ್ಲ, ಸುಮ್ನೆ ಯೋಚ್ನೆ ಮಾಡ್ತೀಯ' ಅಂತಾನೆ. ಬೆಂಗಳೂರಿಗೆ ಹೋಗಿ ಇನ್ನೊಂದು ಸ್ಕ್ಯಾನ್ ಮಾಡಿಸಲಾ?

ಉತ್ತರ: ಬೇಡ. ಆ ದುಡ್ಡು ಉಳಿಸಿ.

ಮೊದಲು ನಿಮ್ಮ ಅಣ್ಣನಿಗೆ ಒಂದು ಮಾತು. ರಿಪೋರ್ಟ್ ನಾರ್ಮಲ್ ಬಂದರೆ ತೊಂದರೆ ಇಲ್ಲ ಅಂತ ಅರ್ಥ ಅಲ್ಲ. ಎಂಆರ್‌ಐ ತೋರಿಸುವುದು ಮೆದುಳಿನ ರಚನೆಯನ್ನು, ಅಂದರೆ ಗಡ್ಡೆ, ರಕ್ತಸ್ರಾವ, ಊತ ಇಂಥವನ್ನು. ಬಿಗಿದ ಸ್ನಾಯು, ಕೆಟ್ಟ ನಿದ್ದೆ, ಸಣ್ಣ ಸಂಕೇತವನ್ನೂ ಜೋರಾಗಿ ಕೇಳಿಸಿಕೊಳ್ಳುತ್ತಿರುವ ನರಗಳು ಅದರಲ್ಲಿ ಕಾಣುವುದಿಲ್ಲ. ಅಸಲಿಗೆ ಮೆದುಳಿಗೆ ಸ್ವಂತ ನೋವೇ ಗೊತ್ತಾಗುವುದಿಲ್ಲ. ನೆತ್ತಿ, ಕುತ್ತಿಗೆಯ ಸ್ನಾಯು, ಮೆದುಳಿನ ಹೊದಿಕೆ, ರಕ್ತನಾಳ, ಇವುಗಳಿಂದ ಬರುವ ಸುದ್ದಿಯೇ ನಮಗೆ ತಲೆನೋವಾಗಿ, ಭಾರವಾಗಿ ತಿಳಿಯುವುದು. ನಿಮಗೆ ಆಗುತ್ತಿರುವುದು ನಿಜ, ಅಲ್ವಾ? ಅದನ್ನು ಯಾರ ಮುಂದೆಯೂ ಸಾಬೀತು ಮಾಡಬೇಕಾಗಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಚಿಂತೆ ತಂದದ್ದು ನೀವು ದಿನಾ ನುಂಗುವ ಪ್ಯಾರಾಸಿಟಮಾಲ್. ಪ್ಯಾರಾಸಿಟಮಾಲ್‌ನಂಥ ಸಾಮಾನ್ಯ ಮಾತ್ರೆಯನ್ನು ತಿಂಗಳಲ್ಲಿ 15 ಅಥವಾ ಹೆಚ್ಚು ದಿನ, 3 ತಿಂಗಳಿಗೂ ಮೇಲೆ ನುಂಗಿದರೆ ಮಾತ್ರೆಯೇ ತಲೆನೋವನ್ನು ಹಿಡಿದಿಟ್ಟುಕೊಳ್ಳಬಹುದು. ಕೆಫೀನ್ ಬೆರೆತ ಮಾತ್ರೆಗಳಿಗೆ ಈ ಮಿತಿ ಇನ್ನೂ ಕಡಿಮೆ, ತಿಂಗಳಿಗೆ 10 ದಿನ. ನುಂಗಿದಾಗ ಸ್ವಲ್ಪ ಹಗುರ, ಇಳಿದಾಗ ಮತ್ತೆ ಭಾರ, ಮತ್ತೆ ಮಾತ್ರೆ. ಬಿಡುವಾಗ ಮೊದಲ ಕೆಲವು ದಿನ ತಲೆ ಇನ್ನೂ ಹೆಚ್ಚೇ ಕಾಡುತ್ತದೆ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಡಾಕ್ಟರನ್ನು ಕೇಳಿಕೊಂಡೇ ಮಾತ್ರೆ ನಿಲ್ಲಿಸಿ.

ಇನ್ನು ನೀವು ಬಿಟ್ಟ ಆ ಮಾತ್ರೆ. ಅಮಿಟ್ರಿಪ್ಟಿಲಿನ್ ಡಿಪ್ರೆಶನ್‌ಗೆ ಬಂದ ಔಷಧಿ ಹೌದು, ಆದರೆ ಅದಕ್ಕೆ ಕೊಡುವ ಪ್ರಮಾಣ ಇದಕ್ಕಿಂತ ಎಷ್ಟೋ ಜಾಸ್ತಿ. 10 ಎಂಜಿಯಷ್ಟು ಕಡಿಮೆ ಪ್ರಮಾಣದಲ್ಲಿ ಅದನ್ನು ಪದೇಪದೇ ಬರುವ ತಲೆನೋವಿಗೆ, ನರದ ನೋವಿಗೆ ವರ್ಷಗಳಿಂದ ಕೊಡುತ್ತಾ ಬಂದಿದ್ದಾರೆ. ನಿಮ್ಮ ಡಾಕ್ಟರು ಇದನ್ನು ಎರಡು ಮಾತಲ್ಲಿ ಹೇಳಿ ಕಳಿಸಬೇಕಿತ್ತು. ಬಾಯಿ ಒಣಗಬಹುದು, ಬೆಳಿಗ್ಗೆ ಸ್ವಲ್ಪ ಜೋಂಪು ಇರಬಹುದು, ಗುಣ ಕಾಣಲು ಕೆಲವು ವಾರವೇ ಬೇಕು. ಅವರ ಹತ್ತಿರವೇ ಮತ್ತೆ ಹೋಗಿ, ಬಿಟ್ಟದ್ದನ್ನೂ ಹೇಳಿ, ಬೈದರೆ ಬೈಯಲಿ.

ಹೋದಾಗ ಸ್ಕ್ಯಾನ್ ಬದಲು ರಕ್ತ ಪರೀಕ್ಷೆ ಕೇಳಿ: ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್, ವಿಟಮಿನ್ ಬಿ12. ಬಿಪಿಯನ್ನೂ ನೋಡಲಿ. ನೀವು ಸಸ್ಯಾಹಾರಿಯೋ ಅಲ್ಲವೋ ಬರೆದಿಲ್ಲ. ಸೊಪ್ಪು, ಬೇಳೆ, ಅನ್ನದಲ್ಲಿ ಬಿ12 ಇರುವುದಿಲ್ಲ, ಹಾಲು ಮೊಸರಲ್ಲಿ ಸ್ವಲ್ಪ ಇರುತ್ತದೆ. ಅದು ಕಡಿಮೆಯಾದರೆ ಕೈಕಾಲು ಜುಮ್ಮೆನ್ನುವುದು, ಸುಸ್ತು, ಮಂಕು ಎಲ್ಲಾ ಬರುತ್ತವೆ, ಇಂಜೆಕ್ಷನ್ ಅಥವಾ ಮಾತ್ರೆಯಲ್ಲಿ ಸರಿಯೂ ಆಗುತ್ತದೆ. ಕನ್ನಡಕದ ನಂಬರನ್ನೂ ಒಮ್ಮೆ ನೋಡಿಸಿ. ರಾತ್ರಿ ಜೋರು ಗೊರಕೆ ಹೊಡೆಯುತ್ತೀರಾ ಅಂತ ಮನೆಯವರನ್ನು ಕೇಳಿ, ಗೊರಕೆ ಹೊಡೆಯುವಾಗ ಉಸಿರು ಕಟ್ಟಿ ಕಟ್ಟಿ ಬರುವವರಿಗೆ ಎಷ್ಟು ಹೊತ್ತು ಮಲಗಿದರೂ ಬೆಳಿಗ್ಗೆ ತಲೆ ಭಾರ, ಹಗಲೆಲ್ಲಾ ಗಮನ ನಿಲ್ಲುವುದಿಲ್ಲ.

ಲೆಕ್ಕ ತಪ್ಪುವುದರ ಬಗ್ಗೆ ನಿಮಗೆ ಒಳಗೊಳಗೇ ಭಯ ಇದೆ ಅನ್ನಿಸಿತು. ನೀವು ಬರೆದ ರೀತಿ ನೋಡಿದರೆ ಅದು ಮರೆವಿನ ಕಾಯಿಲೆಯಂತೆ ಕಾಣುವುದಿಲ್ಲ. ಅರ್ಧ ಗಮನ ಪುಸ್ತಕದ ಮೇಲೆ, ಇನ್ನರ್ಧ 'ಈಗ ಜುಮ್ ಅಂತಾ?' ಅಂತ ತಲೆಯನ್ನೇ ಕಾಯುತ್ತಿದ್ದರೆ ಯಾರಿಗೂ ಲೆಕ್ಕ ನಿಲ್ಲುವುದಿಲ್ಲ. ಕಾದಷ್ಟೂ ಆ ಅನುಭವ ಜೋರಾಗುತ್ತದೆ. ಸಣ್ಣ ಸಣ್ಣ ತುಂಡು ಮಾಡಿ ಕೂಡಿ, ಒಂದು ಪುಟ ಮುಗಿದಾಗ ಎದ್ದು ಅಂಗಳಕ್ಕೆ ಹೋಗಿ ಬನ್ನಿ, ಕುತ್ತಿಗೆ ತಿರುಗಿಸಿ. ದಿನಾ ಸಂಜೆ ಒಂದು ಸಲ ಮಾತ್ರ ತಲೆ ಹೇಗಿತ್ತು, ಎಷ್ಟು ನಿದ್ದೆ, ಯಾವ ಮಾತ್ರೆ ಅಂತ ಒಂದು ಸಾಲು ಬರೆದಿಡಿ, ಉಳಿದ ಹೊತ್ತು ಅದನ್ನು ಅಳೆಯಲು ಹೋಗಬೇಡಿ. ಮನಸ್ಸು ಕುಗ್ಗಿದೆ, ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ತಾಯಿತ ಇರಲಿ, ಅಮ್ಮನಿಗೆ ಸಮಾಧಾನ.

ಆದರೆ ಇವು ಕಂಡರೆ ಕಾಯಬೇಡಿ: ಸಿಡಿಲು ಹೊಡೆದಂತೆ ಏಕಾಏಕಿ ತಲೆನೋವು, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು, ಫಿಟ್ಸ್, ದೃಷ್ಟಿ ಮಸುಕಾಗುವುದು, ಜ್ವರದ ಜೊತೆ ಕುತ್ತಿಗೆ ಸೆಟೆಯುವುದು. ನಮ್ಮ ಕಡೆಯವರಿಗೆ ಇನ್ನೊಂದು ಇದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ, ಕಾಡಿನ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆ ಇಂದಿಗೂ ಹೋಗಿಲ್ಲ. ಬೇಸಿಗೆಯ ದಿನಗಳಲ್ಲಿ ಸೊಪ್ಪು, ದರಗು ತರಲು ಕಾಡಿಗೆ ಹೋಗಿ ಬಂದ ಮೇಲೆ ಜ್ವರ, ವಿಪರೀತ ತಲೆನೋವು ಬಂದರೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದನ್ನು ತಪ್ಪದೆ ಹೇಳಿ.

ಪ್ರಶ್ನೆ: ಸಾಗರದ ಕಡೆಯವನು, 52 ವರ್ಷ. ಹೊಗೆಸೊಪ್ಪಿನ ಕವಳ ಬಿಟ್ಟು ಒಂದು ವಾರ ಆಯಿತು. ತಲೆ ಖಾಲಿ ಖಾಲಿ, ಪೇಪರ್ ಓದಿದರೂ ತಲೆಗೆ ಹೋಗುವುದಿಲ್ಲ. ಮತ್ತೆ ಶುರು ಮಾಡಲಾ?

ಉತ್ತರ: ದಯವಿಟ್ಟು ಮಾಡಬೇಡಿ. ಇದು ನಿಕೋಟಿನ್ ಬಿಟ್ಟಾಗ ಆಗುವುದು. ಮೊದಲ ಕೆಲವು ದಿನ ಜೋರಾಗಿರುತ್ತದೆ, ಸಾಮಾನ್ಯವಾಗಿ 2ರಿಂದ 4 ವಾರದಲ್ಲಿ ತಿಳಿಯಾಗುತ್ತದೆ. ಕಷ್ಟದ ದಿನಗಳನ್ನು ನೀವು ಆಗಲೇ ದಾಟಿದ್ದೀರಿ. ಬಾಯಿ ಬೇಡಿದಾಗ ಲವಂಗ, ಏಲಕ್ಕಿ ಹಾಕಿಕೊಳ್ಳಿ, ಬರಿ ಅಡಿಕೆಯೂ ಬೇಡ, ಅದರಿಂದಲೂ ಬಾಯಿ ಕ್ಯಾನ್ಸರ್ ಬರುತ್ತದೆ. ತಡೆಯಲಾಗದಿದ್ದರೆ ನಿಕೋಟಿನ್ ಗಮ್ ಬಗ್ಗೆ ಡಾಕ್ಟರನ್ನು ಕೇಳಿ, ಹಾಗೇ ಬಾಯಿಯನ್ನೂ ಒಮ್ಮೆ ತೋರಿಸಿ ಬನ್ನಿ.