ನೆರೆದೇಶದ ಪ್ರತ್ಯೇಕತಾವಾದಿ ಸಂಘರ್ಷಕ್ಕೆ ಬಲಿಷ್ಠ ದೇಶ ಸೈನ್ಯ ಕಳುಹಿಸಬೇಕೇ?

ಬೇಡ ಎಂಬುದೇ ನನ್ನ ಉತ್ತರ. ಒಂದು ಅಪವಾದವಿದೆ, ಕೊನೆಗೆ ಹೇಳುತ್ತೇನೆ.

ನಾನು ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿಯವನು. ದಿಂಬಂ ಘಾಟಿಯ 27 ತಿರುವು ಇಳಿದು ಭವಾನಿಸಾಗರಕ್ಕೆ ಹೋದರೆ ಅಲ್ಲಿ ಶ್ರೀಲಂಕಾ ತಮಿಳರ ನಿರಾಶ್ರಿತ ಶಿಬಿರವಿದೆ. ಅವರ ತಮಿಳು ನಮ್ಮ ಜಿಲ್ಲೆಯದಲ್ಲ ಎಂಬುದು ಮನೆಯಲ್ಲಿ ಕನ್ನಡವಾಡುವ ನನ್ನ ಕಿವಿಗೂ ತಿಳಿಯುತ್ತದೆ.

1987ರ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಭಾರತ-ಶ್ರೀಲಂಕಾ ಒಪ್ಪಂದಕ್ಕೆ ಸಹಿ ಹಾಕಿದರು. ಶಾಂತಿ ಕಾಯಲು ಹೋದ ನಮ್ಮ ಸೈನ್ಯ ಅಕ್ಟೋಬರಿನಲ್ಲಿ ಪ್ರತ್ಯೇಕ ತಮಿಳು ನಾಡಿಗಾಗಿ ಹೋರಾಡುತ್ತಿದ್ದ ಹುಲಿಗಳ, ಅಂದರೆ ಎಲ್‌ಟಿಟಿಇ, ವಿರುದ್ಧವೇ ಕಾದಾಡುತ್ತಿತ್ತು. ಹಿಂದೆ ಭಾರತವೇ ತರಬೇತಿ ಕೊಟ್ಟಿದ್ದ ಹುಡುಗರು ಅವರು! ಮುಂದೆ ಅಧ್ಯಕ್ಷರಾದ ಪ್ರೇಮದಾಸ ಅದೇ ಹುಲಿಗಳಿಗೆ ಗುಟ್ಟಾಗಿ ಆಯುಧ ಕೊಟ್ಟರು. ಕರೆದ ಮನೆಯವರೇ ಹೊರಡಿ ಎಂದರು. ಯಾರಿಗಾಗಿ ಹೋದೆವೋ ಆ ತಮಿಳರೂ ಶಪಿಸಿದರು. 1990ರ ಮಾರ್ಚ್‌ನಲ್ಲಿ ಮರಳುವಷ್ಟರಲ್ಲಿ ಸಾವಿರಕ್ಕೂ ಹೆಚ್ಚು ಯೋಧರು ಮಡಿದಿದ್ದರು. ಮರುವರ್ಷ ಶ್ರೀಪೆರಂಬದೂರಿನಲ್ಲಿ ಅದೇ ಹುಲಿಗಳು ರಾಜೀವ್ ಗಾಂಧಿಯನ್ನು ಕೊಂದರು.

ಅಪವಾದ 1971ರ ಬಾಂಗ್ಲಾ. ಅಲ್ಲಿ ಸುಮಾರು ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ಬಂದಿದ್ದರು, ಊರಿನ ಜನ ನಮ್ಮ ಸೈನ್ಯದ ಬೆನ್ನಿಗಿದ್ದರು, ಯುದ್ಧ 13 ದಿನದಲ್ಲಿ ಮುಗಿಯಿತು. ಮುಖ್ಯವಾಗಿ, 1972ರ ಮಾರ್ಚ್ ಹೊತ್ತಿಗೆ ಸೈನ್ಯ ವಾಪಸಾಗಿತ್ತು. ಲಂಕೆಗೆ ಹೋಗುವಾಗ ಹೊರಬರುವ ದಾರಿಯನ್ನು ಯಾರೂ ಯೋಚಿಸಿದಂತೆ ಕಾಣುವುದಿಲ್ಲ.