300 ಎಂಬಿಪಿಎಸ್ ಹಾಕಿಸಿದರೂ ಮಹಡಿಯಲ್ಲಿ ಮೀಟಿಂಗ್ ನಿಲ್ಲುವುದೇಕೆ?

"ನಮ್ಮ ಮನೆಗೆ ಎಷ್ಟು ಸ್ಪೀಡಿನ ಪ್ಲ್ಯಾನ್ ಬೇಕು?" ಎಂದು ಕೇಳುವ ಪತ್ರ ಬರದ ವಾರವಿಲ್ಲ. ಕೇಳುವವರಲ್ಲಿ ಹೆಚ್ಚಿನವರು ಈಗಾಗಲೇ ಬೇಕಾದ್ದಕ್ಕಿಂತ ದೊಡ್ಡ ಪ್ಲ್ಯಾನ್ ಇಟ್ಟುಕೊಂಡವರೇ. ಈ ಸಲ ಒಂದೇ ಪತ್ರಕ್ಕೆ ವಿವರವಾಗಿ ಉತ್ತರಿಸಿ, ಉಳಿದವನ್ನು ಚುಟುಕಾಗಿ ಮುಗಿಸುತ್ತೇನೆ.

ಪ್ರಶ್ನೆ: 30x40 ಸೈಟಿನ ಎರಡಂತಸ್ತಿನ ಮನೆ, ಐದು ಜನ. 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಫೈಬರ್ ಇತ್ತು. ಮಹಡಿ ರೂಮಿನಲ್ಲಿ ಮಗಳ ಆಫೀಸ್ ಮೀಟಿಂಗ್ ಪದೇ ಪದೇ ನಿಲ್ಲುತ್ತದೆಂದು 300ಕ್ಕೆ ಏರಿಸಿದೆವು. ಏನೂ ಬದಲಾಗಲಿಲ್ಲ. ಈಗ ಕಂಪನಿಯವರು 500ಕ್ಕೆ ಹೋಗಿ ಎನ್ನುತ್ತಿದ್ದಾರೆ. ಹೋಗಬಹುದೇ? (ಮೈಸೂರಿನ ಓದುಗರು)

ಉತ್ತರ: ಬೇಡ. 300ಕ್ಕೆ ಹೋದದ್ದೇ ದಂಡ.

ಲೆಕ್ಕ ಹಾಕಿ ನೋಡಿ. ರಾತ್ರಿ ಎಂಟಕ್ಕೆ ಐದೂ ಜನ ಒಟ್ಟಿಗೆ ನೆಟ್ ಬಳಸಿದರು ಎನ್ನಿ. ಟಿವಿಯಲ್ಲಿ 4ಕೆ ಸಿನಿಮಾಕ್ಕೆ ನೆಟ್‌ಫ್ಲಿಕ್ಸೇ ಕೇಳುವುದು 15 ಎಂಬಿಪಿಎಸ್. ಇಬ್ಬರು ಮೊಬೈಲಿನಲ್ಲಿ ಫುಲ್ ಎಚ್‌ಡಿ ನೋಡಿದರೆ ತಲಾ 5. ಮಗಳ ವಿಡಿಯೊ ಮೀಟಿಂಗಿಗೆ ಡೌನ್‌ಲೋಡ್ 3, ಅಪ್‌ಲೋಡ್ 4. ಆನ್‌ಲೈನ್ ಗೇಮಿಗೆ 1 ಕೂಡ ಬೇಡ. ಹಿಂದಿನಿಂದ ಓಡುವ ಅಪ್‌ಡೇಟು, ಬ್ಯಾಕಪ್ಪಿಗೆ 10 ಇಡಿ. ಇಷ್ಟಾದರೂ 40 ದಾಟಲಿಲ್ಲ. ದುಪ್ಪಟ್ಟು ಹಿಡಿದರೂ 100ರೊಳಗೇ ಇದ್ದೀರಿ. 300ರ ಲಾಭ ಕಾಣುವುದು ದೊಡ್ಡ ಡೌನ್‌ಲೋಡಿನಲ್ಲಿ: 50 ಜಿಬಿ ಗೇಮ್ ಇಳಿಯಲು 100ರಲ್ಲಿ ಒಂದು ಗಂಟೆ ಚಿಲ್ಲರೆ, 300ರಲ್ಲಿ ಇಪ್ಪತ್ತೆರಡು ನಿಮಿಷ. ಆ ಮುಕ್ಕಾಲು ಗಂಟೆ ಕಾಯಲಾರದವರು ದುಡ್ಡು ಕೊಡಲಿ.

ನಿಮ್ಮ ತೊಂದರೆ ಇರುವುದು ರೂಟರಿಗೂ ಮಹಡಿಗೂ ನಡುವಿನ ಕಾಂಕ್ರೀಟಿನಲ್ಲಿ. ಪ್ಲ್ಯಾನ್ ಮುಟ್ಟುವ ಮೊದಲು ಮೂರು ಪರೀಕ್ಷೆ ಮಾಡಿ, ಇದೇ ಕ್ರಮದಲ್ಲಿ.

ಮೊದಲು ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್ಲಿನಿಂದ ರೂಟರಿಗೇ ಸಿಕ್ಕಿಸಿ, ವೈಫೈ ಆಫ್ ಮಾಡಿ ಸ್ಪೀಡ್ ಟೆಸ್ಟ್ ಮಾಡಿ. 280 ದಾಟಿದರೆ ಕಂಪನಿ ಕಡೆಯದ್ದು ಸರಿ ಇದೆ. ಸರಿಯಾಗಿ 94-95ಕ್ಕೆ ಬಂದು ನಿಂತರೆ ರೂಟರಿನ ಅಥವಾ ಲ್ಯಾಪ್‌ಟಾಪಿನ ಪೋರ್ಟು 100ರದ್ದು, ಇಲ್ಲವೇ ಕೇಬಲ್ಲಿನ ತುದಿಯಲ್ಲಿ ನಾಲ್ಕೇ ತಂತಿ ಕೂರಿಸಿದ್ದಾರೆ. "ನಾಲ್ಕು ಸಾಕು ಸಾರ್" ಎನ್ನುವ ಲೈನ್‌ಮ್ಯಾನ್‌ಗಳು ಇಂದಿಗೂ ಇದ್ದಾರೆ. 100ಕ್ಕೆ ನಾಲ್ಕು ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಹಾಗಾಗಿದ್ದರೆ ಆ ತಂತಿಯಲ್ಲಿ ನೀವು ಕೊಡುತ್ತಿರುವ ಹೆಚ್ಚಿನ ಹಣದ ಸ್ಪೀಡು ಹರಿಯುವುದೇ ಇಲ್ಲ. ಕೇಬಲ್ಲಿನಲ್ಲೇ ಸ್ಪೀಡು ಏರಿಳಿದರೆ ಬ್ರೌಸರಿನಲ್ಲಿ ತೆರೆಯುವ ರೂಟರಿನ ಸೆಟ್ಟಿಂಗ್ಸ್ ಪುಟದಲ್ಲಿ ಆಪ್ಟಿಕಲ್ ಪವರ್ (ಫೈಬರಿನಲ್ಲಿ ಬರುವ ಬೆಳಕಿನ ಬಲ) ನೋಡಿ. ಅದು ಮೈನಸ್ 27 ಡಿಬಿಎಂಗಿಂತ ಕೆಳಗಿದ್ದರೆ (ಮೈನಸ್ 28, 29 ಹೀಗೆ) ದೂರು ಕೊಡಿ. ಸೋಫಾ ಹಿಂದೆ ಫೈಬರ್ ಮಡಿಚಿ ಹೋಗಿದ್ದರೂ ಹೀಗಾಗುತ್ತದೆ.

ಎರಡನೆಯದು, ಮಹಡಿ ರೂಮಿನಲ್ಲಿ ವೈಫೈನ 2.4 ಮತ್ತು 5 ಗಿಗಾಹರ್ಟ್ಸ್ ಬ್ಯಾಂಡ್ ಎರಡರಲ್ಲೂ ಬೇರೆ ಬೇರೆಯಾಗಿ ಟೆಸ್ಟ್ ಮಾಡಿ. ಅಗ್ಗದ ಒಂದೇ ಆಂಟೆನಾ ಸಾಧನ 2.4ರಲ್ಲಿ ಕಾಗದದ ಮೇಲೆ 72 ಎಂಬಿಪಿಎಸ್, ಕೈಗೆ ಸಿಗುವುದು ಹೆಚ್ಚೆಂದರೆ 40-50, ಅದೂ ಪಕ್ಕದಲ್ಲೇ ಕೂತರೆ. ಅಕ್ಕಪಕ್ಕದ ಮನೆಗಳ ವೈಫೈಗಳೆಲ್ಲ ಅದರ 1, 6, 11ನೇ ಚಾನೆಲ್‌ಗಳಲ್ಲೇ ತುಂಬಿಕೊಂಡಿರುತ್ತವೆ. 5ಕ್ಕೆ ಸ್ಪೀಡು ಧಾರಾಳ, ಆದರೆ ಆರ್‌ಸಿಸಿ ತಾರಸಿ ದಾಟುವ ಶಕ್ತಿ ಕಡಿಮೆ. ನೀವು 500 ಹಾಕಿಸಿದರೂ ಮಹಡಿಗೆ ತಲುಪುವುದು ಈಗಿನಷ್ಟೇ.

ಮೂರನೆಯದನ್ನು ಯಾರೂ ಮಾಡುವುದಿಲ್ಲ, ಮೀಟಿಂಗಿಗೆ ಮಾತ್ರ ಅದೇ ಮುಖ್ಯ. ಮಹಡಿಯಲ್ಲೇ ಕೂತು ರೂಟರಿನ ಐಪಿ ವಿಳಾಸಕ್ಕೆ (ಹೆಚ್ಚಾಗಿ 192.168.1.1) ಎರಡು ನಿಮಿಷ ಪಿಂಗ್ (ಪುಟ್ಟ ಸಂದೇಶ ಕಳಿಸಿ ಉತ್ತರ ಎಷ್ಟು ಬೇಗ ಬರುತ್ತದೆಂದು ಅಳೆಯುವ ಆಜ್ಞೆ) ಓಡಿಸಿ. ಉತ್ತರಗಳು 10 ಮಿಲಿಸೆಕೆಂಡಿನ ಆಸುಪಾಸಿನಲ್ಲಿದ್ದರೆ ಸರಿ. ನಡುನಡುವೆ 200, 300ಕ್ಕೆ ನೆಗೆದರೆ ಅಥವಾ ಉತ್ತರವೇ ಬರದಿದ್ದರೆ ದೋಷ ನಿಮ್ಮ ಮನೆಯೊಳಗಿನದೇ. ಸಿನಿಮಾ ಮುಂಚಿತವಾಗಿ ಒಂದಷ್ಟು ತುಂಬಿಟ್ಟುಕೊಳ್ಳುತ್ತದೆ, ಆದ್ದರಿಂದ ಇಂಥ ಎಡವಟ್ಟು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಮೀಟಿಂಗಿಗೆ ಆ ಸೌಲಭ್ಯವಿಲ್ಲ.

ಪರಿಹಾರ: ಕೆಳಗಿನ ರೂಟರಿನಿಂದ ಮಹಡಿಗೆ ಒಂದು ಕ್ಯಾಟ್ 6 ದರ್ಜೆಯ ಲ್ಯಾನ್ ಕೇಬಲ್ ಎಳೆಸಿ. ಶುದ್ಧ ತಾಮ್ರದ್ದೇ ಕೇಳಿ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ್ದು ಅಗ್ಗ, ಬಾಗಿದರೆ ಮುರಿಯುತ್ತದೆ. ಕರೆಂಟಿನ ವೈರು ಹೋಗುವ ಪೈಪಿನಲ್ಲಿ ತೂರಿಸಬೇಡಿ. ಮಹಡಿಯಲ್ಲಿ ಗಿಗಾಬಿಟ್ ಪೋರ್ಟಿನ ಡ್ಯುಯಲ್ ಬ್ಯಾಂಡ್ ರೂಟರ್ ಇಟ್ಟು ಅದನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ (ವೈಫೈ ಹರಡುವುದಷ್ಟೇ ಅದರ ಕೆಲಸವಾಗುವಂತೆ) ಹಾಕಿ. ಹಾಗೆ ಮಾಡದೆ ಸುಮ್ಮನೆ ಸಿಕ್ಕಿಸಿದರೆ ಎರಡೂ ರೂಟರುಗಳು ಐಪಿ ವಿಳಾಸ ಹಂಚಲು ಹೊರಟು ಹೊಸ ತಲೆನೋವು ಶುರುವಾಗುತ್ತದೆ. ಎರಡರ ವೈಫೈಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇರಲಿ, ಚಾನೆಲ್ ಬೇರೆ ಇರಲಿ. ಗೋಡೆಗೆ ಸಿಕ್ಕಿಸುವ ಅಗ್ಗದ ರಿಪೀಟರ್ ತರಬೇಡಿ. ಒಂದೇ ಬ್ಯಾಂಡಿನಲ್ಲಿ ಕೇಳಿ ಅದರಲ್ಲೇ ಮತ್ತೆ ಹೇಳುವುದರಿಂದ ಸ್ಪೀಡು ಅರ್ಧಕ್ಕಿಳಿಯುತ್ತದೆ. ಅದನ್ನು ಸಿಗ್ನಲ್ ಇಲ್ಲದ ರೂಮಿನಲ್ಲೇ ಇಟ್ಟರಂತೂ ಇಲ್ಲದ್ದನ್ನೇ ಹಂಚುತ್ತದೆ.

ಇದಾದ ಮೇಲೆ 100ಕ್ಕೆ ಇಳಿಯಿರಿ. ಕ್ಲೌಡಿಗೆ ರೆಕಾರ್ಡ್ ಆಗುವ ಸಿಸಿಟಿವಿ ಇದ್ದರೆ ಮಾತ್ರ ಪ್ಲ್ಯಾನಿನ ಅಪ್‌ಲೋಡ್ ಎಷ್ಟೆಂದು ಬರಹದಲ್ಲಿ ಕೇಳಿ. ಫುಲ್ ಎಚ್‌ಡಿ ಕ್ಯಾಮೆರಾ ಒಂದಕ್ಕೆ 2ರಿಂದ 4 ಎಂಬಿಪಿಎಸ್ ಹಗಲೂ ರಾತ್ರಿ ಹೋಗುತ್ತಿರುತ್ತದೆ.

ಪ್ರಶ್ನೆ: ವೈಫೈ ಬೂಸ್ಟರ್ ಆ್ಯಪ್ ಯಾವುದು ಒಳ್ಳೆಯದು? ರೂಟರಿಗೆ ಅಂಟಿಸುವ ಚಿಪ್ ಕೂಡ ಸಿಗುತ್ತದಂತೆ.
ಉತ್ತರ: ಆ್ಯಪ್ ತೆಗೆದುಹಾಕಿ, ಚಿಪ್ ಮಾರುವವನನ್ನು ಗೇಟಿನಿಂದಲೇ ಕಳಿಸಿ.

ಪ್ರಶ್ನೆ: 100ರ ಪ್ಲ್ಯಾನಿನಲ್ಲಿ ಫೈಲು ಸೆಕೆಂಡಿಗೆ 12 ಎಂಬಿಯಂತೆ ಇಳಿಯುತ್ತಿದೆ. ಮೋಸವೇ?
ಉತ್ತರ: 100ನ್ನು 8ರಿಂದ ಭಾಗಿಸಿ. ಪ್ಲ್ಯಾನ್ ಬಿಟ್ಟಿನ ಲೆಕ್ಕ, ಫೈಲು ಬೈಟಿನದು; ಒಂದು ಬೈಟಿಗೆ 8 ಬಿಟ್.

ಪ್ರಶ್ನೆ: ಡಿಎನ್‌ಎಸ್ ಬದಲಿಸಿದರೆ ಸ್ಪೀಡ್ ದುಪ್ಪಟ್ಟಾಗುತ್ತದೆಯೇ?
ಉತ್ತರ: ಇಲ್ಲ. ಅದು ವೆಬ್‌ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುತ್ತದೆ, ಅಷ್ಟೇ.

ಪ್ರಶ್ನೆ: ನಮ್ಮೂರಲ್ಲಿ ಸಿಗುವುದು 30 ಎಂಬಿಪಿಎಸ್ ಫೈಬರ್ ಮಾತ್ರ. ಇಬ್ಬರು ಮಕ್ಕಳ ಆನ್‌ಲೈನ್ ಕ್ಲಾಸಿಗೆ ಸಾಕೇ? (ತೀರ್ಥಹಳ್ಳಿ ತಾಲ್ಲೂಕಿನ ಓದುಗರು)
ಉತ್ತರ: ಧಾರಾಳ ಸಾಕು. ನೀವು ಕೇಳಬೇಕಾದ್ದು ತಿಂಗಳಿಗೆ ಎಷ್ಟು ಜಿಬಿ ಎಂಬುದನ್ನು. ಎಚ್‌ಡಿ ವಿಡಿಯೊ ಗಂಟೆಗೆ ಸುಮಾರು 3 ಜಿಬಿ ತಿನ್ನುತ್ತದೆ. ದಿನಕ್ಕೆ ನಾಲ್ಕು ಗಂಟೆಯೆಂದರೆ ತಿಂಗಳಿಗೆ 360. ಮಿತಿ ದಾಟಿದ ಮೇಲೆ ಸ್ಪೀಡು ಎಷ್ಟಕ್ಕೆ ಇಳಿಯುತ್ತದೆಂದೂ ಕೇಳಿ. ಮಳೆಗಾಲದ ಕರೆಂಟಿಗೆ ಮಿನಿ ಯುಪಿಎಸ್ ತಗೊಳ್ಳಿ. ರೂಟರಿನ ಅಡಾಪ್ಟರ್ ಮೇಲೆ ಬರೆದ ವೋಲ್ಟು ಯುಪಿಎಸ್‌ನದಕ್ಕೆ ಸಮ ಇರಲಿ, ಯುಪಿಎಸ್‌ನ ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಲಿ. ಆಪರೇಟರ್ ಕಡೆ ಕರೆಂಟ್ ಹೋದರೆ ನಿಮ್ಮ ಯುಪಿಎಸ್‌ನಿಂದ ಏನೂ ಆಗದು. ಮುಂಗಡ ಕಟ್ಟುವ ಮೊದಲೇ ಅವರ ಬ್ಯಾಟರಿ ಎಷ್ಟು ಗಂಟೆ ಬರುತ್ತದೆಂದು ವಿಚಾರಿಸಿ.